ಗೋದಾಮಿನ ನಗು

ಶಾಲೆಗೆ ಮಾನ್ಯತೆ ಕೊಡುವ ಸಮಿತಿ ಬರುತ್ತದೆ ಎಂಬ ಸುದ್ದಿ ಬಂದ ದಿನದಿಂದ ಹೆಡ್ಮಾಸ್ಟರಿಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ, ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ. ಕಾರಿಡಾರಿನಲ್ಲಿ ಹೋಗುವಾಗ ಗೋಡೆಯ ಮೇಲಿನ ಪಟಗಳನ್ನೆಲ್ಲ ಒಂದಿಷ್ಟು ಎಡಕ್ಕೆ ಸರಿಸುವುದು, ಬರುವಾಗ ಅವನ್ನೇ ಒಂದಿಷ್ಟು ಬಲಕ್ಕೆ ಸರಿಸುವುದು. ಒಳ್ಳೆಯ ಮನುಷ್ಯ, ಆದರೆ ಪುಕ್ಕಲು. ಹಿಂದಿನ ಸಲ ಸಮಿತಿ ಬಂದಾಗ ಒಂಬತ್ತನೇ ತರಗತಿಯ ಕೊನೆಯ ಬೆಂಚಿನಲ್ಲಿ ಒಬ್ಬ ಹುಡುಗ ನೆಮ್ಮದಿಯಾಗಿ ಗೊರಕೆ ಹೊಡೆದಿದ್ದ. ಸಮಿತಿಯವರು ಅದನ್ನು ‘ಕಲಿಕೆಯಲ್ಲಿ ಮಕ್ಕಳ ಪಾಲ್ಗೊಳ್ಳುವಿಕೆ ಸಾಲದು’ ಎಂದು ಮರ್ಯಾದೆಯ ಮಾತಿನಲ್ಲಿ ಬರೆದು, ಪೂರ್ತಿ ಮಾನ್ಯತೆಯ ಬದಲು ಷರತ್ತಿನ ಮಾನ್ಯತೆ ಕೊಟ್ಟು ಹೋಗಿದ್ದರು. ರಸ್ತೆಯಾಚೆಯ ಶಾಲೆಗೆ ಪೂರ್ತಿ ಸಿಕ್ಕಿತ್ತು. ಅವರು ಅದನ್ನು ಹಾಸಿಗೆಯಷ್ಟು ದೊಡ್ಡ ಬೋರ್ಡಿನಲ್ಲಿ ಬರೆಸಿ, ಸರಿಯಾಗಿ ಇವರ ಕಿಟಕಿಗೆ ಎದುರಾಗಿ ತೂಗುಹಾಕಿದ್ದರು. ಅಂದಿನಿಂದ ಹೆಡ್ಮಾಸ್ಟರು ತಮ್ಮ ಕೋಣೆಯ ಆ ಕಿಟಕಿಗೆ ಪರದೆ ಎಳೆಸಿದವರು ತೆಗೆಸಿರಲೇ ಇಲ್ಲ.

ಸಮಿತಿ ಬರುವ ಮೊದಲು ಶಾಲೆ ತನ್ನ ಬಗ್ಗೆ ತಾನೇ ಒಂದು ವರದಿ ಬರೆದುಕೊಡಬೇಕು. ಆ ಕೆಲಸ ನಕ್ಷೆ ಮಿಸ್ ಕೊರಳಿಗೆ ಗಂಟುಬಿತ್ತು. ನಕ್ಷೆ ಮಿಸ್ ಎಂದರೆ ಭೂಗೋಳದ ಟೀಚರು. ಬೋರ್ಡಿನ ಕಡೆ ತಿರುಗಿಯೂ ನೋಡದೆ, ಮಕ್ಕಳ ಮೇಲೆ ಕಣ್ಣಿಟ್ಟುಕೊಂಡೇ, ಒಂದು ಇಡೀ ಖಂಡವನ್ನು ಬಿಡಿಸಿಬಿಡುತ್ತಿದ್ದಳು. ಅದರ ಜೊತೆಗೇ ಮಧ್ಯದ ಬೆಂಚಿನಲ್ಲಿ ಯಾರು ಯಾರ ಜಡೆ ಎಳೆದರು ಎಂಬುದೂ ಅವಳಿಗೆ ಗೊತ್ತಾಗುತ್ತಿತ್ತು. ಬರದೇ ಇದ್ದದ್ದು ಒಂದೇ: ಯಾರಿಗಾದರೂ ‘ಆಗಲ್ಲ’ ಎನ್ನುವುದು.

ವರದಿಯಲ್ಲಿ ಎರಡು ಭಾಗ. ಒಂದು, ಶಾಲೆಯ ಬಲಗಳು. ಇನ್ನೊಂದು, ಸುಧಾರಿಸಬೇಕಾದ ಅಂಶಗಳು. ಮೊದಲನೆಯದು ನೀರು ಕುಡಿದಷ್ಟು ಸಲೀಸಾಗಿ ಮುಗಿಯಿತು. ಎರಡನೆಯದಕ್ಕೆ ಸ್ಟಾಫ್ ರೂಮಿನಲ್ಲಿ ಎಲ್ಲರನ್ನೂ ಕೇಳಿದಾಗ, ಒಬ್ಬೊಬ್ಬರಿಗೂ ತಮ್ಮದೊಂದು ಬಿಟ್ಟು ಉಳಿದ ಎಲ್ಲ ವಿಷಯಗಳಲ್ಲೂ ಸುಧಾರಣೆಗೆ ಜಾಗ ಕಾಣಿಸಿತು. ಭಾಷೆಯ ಮೇಷ್ಟ್ರಿಗೆ ಗಣಿತದಲ್ಲಿ, ಗಣಿತದವರಿಗೆ ವಿಜ್ಞಾನದಲ್ಲಿ, ವಿಜ್ಞಾನದವರಿಗೆ ಲೈಬ್ರರಿಯಲ್ಲಿ. ಲೈಬ್ರರಿಯವರಂತೂ ಇಡೀ ಮನುಕುಲದ ಮೇಲೇ ಬೇಜಾರು ಮಾಡಿಕೊಂಡು, ಪುಸ್ತಕ ಮುಟ್ಟಲು ಬಿಟ್ಟರೆ ಹರಿಯುತ್ತಾರೆ, ಅದಕ್ಕೇ ಬೀಗ ಹಾಕಿದ್ದೇನೆ ಎಂದರು. ಮಾತು ಏರಿ ಇಬ್ಬರು ಚಹಾ ಅರ್ಧಕ್ಕೇ ಬಿಟ್ಟು ಎದ್ದುಹೋದರು.

ಕೊನೆಗೆ ನಕ್ಷೆ ಮಿಸ್ ಒಬ್ಬಳೇ ಕೂತು ಬರೆದಳು. ನಮ್ಮ ಮಕ್ಕಳು ತರಗತಿಯಲ್ಲಿ ಬಾಯಿ ಬಿಡುವುದು ಕಡಿಮೆ. ಲೈಬ್ರರಿಗೆ ಬೀಗ ಬಿದ್ದಿದೆ. ಓದಿನಲ್ಲಿ ನಿಧಾನವಾದ ಮಕ್ಕಳನ್ನೆಲ್ಲ ಒಟ್ಟುಮಾಡಿ ಸಿ ವಿಭಾಗ ಎಂದು ಮಾಡಿದ್ದೇವೆ, ಅಲ್ಲಿಗೆ ಹೋದ ಮಗು ಅಲ್ಲಿಂದ ಹೊರಗೆ ಬರುವುದಿಲ್ಲ. ಈ ಕೊನೆಯ ಸಾಲು ಬರೆಯುವಾಗ ಅವಳ ಕೈ ಸ್ವಲ್ಪ ತಡೆಯಿತು. ಅವಳ ಮಗಳೇ ಒಂಬತ್ತನೇ ಸಿ ವಿಭಾಗದಲ್ಲಿದ್ದಳು.

ಹೆಡ್ಮಾಸ್ಟರು ವರದಿ ಓದಿ ಕನ್ನಡಕ ತೆಗೆದು ಒರೆಸಿದರು. ಮತ್ತೆ ಹಾಕಿಕೊಂಡು ನೋಡಿದರೂ ಅಕ್ಷರಗಳು ಹಾಗೇ ಇದ್ದವು.

“ಮಿಸ್, ಇದು ನಮ್ಮ ಬಗ್ಗೆ ನಾವೇ ಬರೀತಿರೋದು. ನಮ್ಮ ಮೇಲೆ ನಮಗೇ ಯಾಕೆ ಇಷ್ಟು ಕೋಪ?” ಎಂದರು.

ಮರುದಿನ ವರದಿ ಮರಳಿ ಕೈಗೆ ಬಂದಾಗ ಸುಧಾರಿಸಬೇಕಾದ ಅಂಶಗಳು ತಾವೇ ಸುಧಾರಿಸಿಬಿಟ್ಟಿದ್ದವು. ‘ಶಿಕ್ಷಕರು ಅಗತ್ಯಕ್ಕಿಂತ ಹೆಚ್ಚು ದುಡಿಯುತ್ತಾರೆ’ ಎಂದಿತ್ತು. ‘ಮಕ್ಕಳಿಗೆ ಶಾಲೆಯ ಮೇಲಿನ ಮಮತೆ ಮಿತಿ ಮೀರಿದೆ’ ಎಂದಿತ್ತು. ‘ಗೋಡೆಯ ಬಣ್ಣ ಇನ್ನೊಂಚೂರು ತಿಳಿಯಾಗಿರಬಹುದಿತ್ತು’ ಎಂದೂ ಇತ್ತು. ನಕ್ಷೆ ಮಿಸ್‌ಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಎರಡೂ ಬೇಡವೆಂದು ಸಹಿ ಹಾಕಿದಳು.

ಅಷ್ಟಕ್ಕೇ ಮುಗಿದಿದ್ದರೆ ಚೆನ್ನಾಗಿತ್ತು. ಸಮಿತಿ ಬರುವ ಹಿಂದಿನ ದಿನ ಹೆಡ್ಮಾಸ್ಟರು ಅವಳನ್ನು ಕೋಣೆಗೆ ಕರೆದು, ಬಾಗಿಲು ಮುಂದೆ ಮಾಡಿ, ತಮ್ಮ ಉಪಾಯ ಬಿಚ್ಚಿಟ್ಟರು. ಮೂರು ತರಗತಿಗಳಿಂದಲೂ ಚುರುಕಾದ ಮಕ್ಕಳನ್ನು ಆರಿಸಿ ಒಂದೇ ಗುಂಪು ಮಾಡುವುದು. ಸಮಿತಿ ಎಂಟನೇ ತರಗತಿಗೆ ಬಂದಾಗ ಆ ಗುಂಪು ಅಲ್ಲಿ ಕೂತಿರುತ್ತದೆ. ಸಮಿತಿಯವರು ಮುಂದಿನ ಮೆಟ್ಟಿಲಿನಿಂದ ಮಹಡಿ ಹತ್ತುವಷ್ಟರಲ್ಲಿ ಮಕ್ಕಳು ಹಿಂದಿನ ಮೆಟ್ಟಿಲಿನಿಂದ ಓಡಿ ಒಂಬತ್ತನೆಯದರಲ್ಲಿ ಕೂರುತ್ತಾರೆ. ಅಲ್ಲಿಂದ ಹತ್ತನೆಯದಕ್ಕೆ. ನಡುವೆ ಹೆಡ್ಮಾಸ್ಟರು ಆಟೋಟದಲ್ಲಿ ಗೆದ್ದ ಕಪ್ಪುಗಳಿರುವ ಗಾಜಿನ ಬೀರುವಿನ ಮುಂದೆ ಸಮಿತಿಯನ್ನು ನಿಲ್ಲಿಸಿ, ಒಂದೊಂದು ಕಪ್ಪಿನ ಕಥೆಯನ್ನೂ ಎಳೆದು ಎಳೆದು ಹೇಳುತ್ತಾರೆ. ಉಳಿದ ಮಕ್ಕಳೆಲ್ಲ ಮೈದಾನದಾಚೆಯ ಹಳೆಯ ಹಾಲಿನಲ್ಲಿ ಡ್ರಿಲ್ ಮೇಷ್ಟ್ರ ಕಾವಲಿನಲ್ಲಿ ಉಸಿರೆತ್ತದೆ ಕೂರಬೇಕು.

“ಯಾವ ದಾರಿ, ಎಷ್ಟು ಹೊತ್ತು, ಎಲ್ಲಿ ತಿರುಗ್ಬೇಕು ಅನ್ನೋದು ನಿಮಗೆ ಚೆನ್ನಾಗಿ ತಿಳಿಯುತ್ತೆ,” ಎಂದರು. “ನಕ್ಷೆ ನೀವೇ ಹಾಕ್ಕೊಡಿ.”

ಆರಿಸಿದವರಲ್ಲಿ ಹತ್ತನೇ ತರಗತಿಯ ಒಬ್ಬ ಹುಡುಗಿ ಇದ್ದಳು. ಏನು ಕೇಳಿದರೂ ಉತ್ತರ ಕೊಡುತ್ತಿದ್ದುದರಿಂದ ಎಲ್ಲರೂ ಅವಳನ್ನು ಡಿಕ್ಷನರಿ ಎಂದು ಕರೆಯುತ್ತಿದ್ದರು. ಸೈಕಲ್ಲಿನಿಂದ ಬಿದ್ದು ಅವಳ ಬಲಗೈ ಮುರಿದಿತ್ತು. ಮೊಣಕೈವರೆಗೂ ಬಿಳಿ ಪ್ಲಾಸ್ಟರು, ಅದರ ಮೇಲೆ ಗೆಳತಿಯರು ಬಿಡಿಸಿದ ದೊಡ್ಡ ಸೂರ್ಯಕಾಂತಿ. ಇವಳೊಬ್ಬಳನ್ನಾದರೂ ಬಿಟ್ಟುಬಿಡೋಣ ಎಂದು ನಕ್ಷೆ ಮಿಸ್ ಬೇಡಿಕೊಂಡಳು. ಅವಳನ್ನು ಬಿಟ್ಟರೆ ಉತ್ತರ ಹೇಳುವವರು ಯಾರು ಎಂದು ಹೆಡ್ಮಾಸ್ಟರು ಮುಖ ಸಣ್ಣದು ಮಾಡಿದರು. ಆಗಲ್ಲ ಎನ್ನುವ ಮಾತು ನಕ್ಷೆ ಮಿಸ್ ಗಂಟಲವರೆಗೆ ಬಂದು ಅಲ್ಲೇ ಕೂತಿತು.

ಆ ಸಂಜೆ ಮನೆಯಲ್ಲಿ ಊಟಕ್ಕೆ ಕೂತಾಗಲೂ ಅದು ಅಲ್ಲೇ ಇತ್ತು. ಗಂಡ ಕನ್ನಡಕದ ಅಂಗಡಿಯಿಂದ ಬಂದು, ದಿನವಿಡೀ ಬೇರೆಯವರ ಮೂಗಿನ ಅಳತೆ ನೋಡಿದ ಸುಸ್ತಿನಲ್ಲಿ ತಟ್ಟೆಯ ಮುಂದೆ ಕೂತಿದ್ದ. ಅತ್ತೆ ಹೊಲಿಗೆ ಯಂತ್ರ ಮುಚ್ಚಿ ಬಂದರು. ಹದಿನಾಲ್ಕರ ಮಗಳನ್ನು ಮನೆಯಲ್ಲಿ ಗಿಣಿ ಎನ್ನುತ್ತಿದ್ದರು. ಯಾಕೆಂದು ಅವಳ ಜೊತೆ ಸ್ವಲ್ಪ ಹೊತ್ತು ಕೂತವರಿಗೆಲ್ಲ ತಿಳಿಯುತ್ತಿತ್ತು. ಗಣಿತದಲ್ಲಿ ಅವಳಿಗೆ ಬರುವ ಅಂಕಗಳನ್ನು ಅವಳೇ ನಗುತ್ತಾ ಹೇಳಿಕೊಳ್ಳುತ್ತಿದ್ದಳು.

ಗಿಣಿ ಅಂದು ತರಗತಿಯಲ್ಲಿ ಏನು ಹೇಳಿದರೆಂದು ವರದಿ ಒಪ್ಪಿಸಿದಳು. ನಾಳೆ ಸಿ ವಿಭಾಗದವರೆಲ್ಲ ಚೀಲ ತರಬೇಡಿ, ಸೀದಾ ಹಳೆಯ ಹಾಲಿಗೆ ಹೋಗಿ ಎಂದಿದ್ದರಂತೆ. ಯಾಕೆ ಎಂದು ಕೇಳಿದಳು. ನಕ್ಷೆ ಮಿಸ್ ಏನೋ ಒಂದು ಹೇಳಿದಳು, ಜಾಗದ ಅನನುಕೂಲ ಅಂತ. ಗಿಣಿ ತುತ್ತು ಅಗಿಯುತ್ತಾ ಯೋಚಿಸಿದಳು. ಅಮ್ಮ ವಾರಗಟ್ಟಲೆ ಮೇಜಿನ ಮೇಲೆ ಹರಡಿಕೊಂಡಿದ್ದ ವರದಿಯ ಹಾಳೆಗಳನ್ನು ಅವಳೂ ಓದಿದ್ದಳು.

“ಹಾಗಾದ್ರೆ ನಾನು ಸುಧಾರಿಸಬೇಕಾದ ಅಂಶನಾ, ಅಮ್ಮಾ?”

ಮುನಿಸಿನಿಂದ ಕೇಳಿದ್ದಲ್ಲ. ಬಸ್ಸು ಎಷ್ಟು ಗಂಟೆಗೆ ಎಂದು ಕೇಳುವ ಹಾಗೆ, ನಿಜವಾಗಿ ತಿಳಿದುಕೊಳ್ಳಲೆಂದೇ ಕೇಳಿದ್ದಳು. ಬೀದಿಯಲ್ಲಿ ಹೋಗುವ ಅಪರಿಚಿತರ ಬಗ್ಗೆಯೂ ಅಭಿಪ್ರಾಯ ಇಟ್ಟುಕೊಂಡಿರುವ ಅತ್ತೆ ಅಂದು ಮೊಮ್ಮಗಳ ತಟ್ಟೆಗೆ ಇನ್ನೊಂದು ಸೌಟು ಸಾರು ಹಾಕಿದರು. ಹಾಗಲ್ಲ ಪುಟ್ಟಾ ಎಂದು ನಕ್ಷೆ ಮಿಸ್ ಹೇಳಿದಳಾದರೂ, ಹಾಗಲ್ಲದಿದ್ದರೆ ಇನ್ನು ಹೇಗೆ ಎಂಬುದು ಅವಳಿಗೇ ಹೊಳೆಯಲಿಲ್ಲ.

ಬೆಳಿಗ್ಗೆ ಸಮಿತಿ ಬಂದಿಳಿಯಿತು. ಮೂವರು. ಒಬ್ಬರು ಕಂಡದ್ದನ್ನೆಲ್ಲ ಬರೆದುಕೊಳ್ಳುವವರು. ಇನ್ನೊಬ್ಬರು ಬರೆದುಕೊಳ್ಳುವವರ ಚೀಲ ಹಿಡಿದುಕೊಂಡು ತಲೆಯಾಡಿಸುವವರು. ಮೂರನೆಯವರು ಅಧ್ಯಕ್ಷೆ, ಜೀವಮಾನವಿಡೀ ಶಾಲೆ ನಡೆಸಿ ನಿವೃತ್ತರಾದ ಗಿಡ್ಡ ಹೆಂಗಸು, ನರೆತ ಕೂದಲು, ಕಾಲಿಗೆ ಕ್ಯಾನ್ವಾಸ್ ಶೂ. ಮಂಡಿನೋವು, ನಡಿಗೆ ನಿಧಾನ. ಅವರ ನಡಿಗೆ ಕಂಡದ್ದೇ ಹೆಡ್ಮಾಸ್ಟರ ಮುಖ ಅರಳಿತು.

ಎಂಟನೇ ತರಗತಿ ಹೂವು ಎತ್ತಿದ ಹಾಗೆ ನಡೆಯಿತು. ಮೋಡ ಹೇಗಾಗುತ್ತದೆ ಎಂದು ಅಧ್ಯಕ್ಷೆ ಕೇಳಿದರು. ಡಿಕ್ಷನರಿ ಪ್ಲಾಸ್ಟರಿನ ಕೈ ಎತ್ತಿ ಎದ್ದು, ಮೋಡ ಆಗುವುದರಿಂದ ಹಿಡಿದು ಮಳೆಯಾಗಿ ಸಮುದ್ರ ಸೇರುವವರೆಗೆ ಒಂದೇ ಉಸಿರಿಗೆ ಹೇಳಿ ಕೂತಳು. ಅವಳ ಪಕ್ಕದ ಉದ್ದನೆಯ ಹುಡುಗನಿಗೆ ಮೀಸೆ ಚಿಗುರಿತ್ತು. ಅಧ್ಯಕ್ಷೆ ಅವನನ್ನೊಮ್ಮೆ ನೋಡಿ, ಎಂಟನೆಯದಾ ಎಂದು ಕೇಳಿ, ಅವನು ಹೂಂ ಎಂದದ್ದಕ್ಕೆ ಚೆನ್ನಾಗಿ ಬೆಳೆದಿದ್ದೀಯ ಎಂದು ಮುಂದೆ ಹೋದರು.

ಹೆಡ್ಮಾಸ್ಟರು ಕಪ್ಪುಗಳ ಮುಂದೆ ನಿಂತು ಕಥೆ ಶುರುಮಾಡಿದರು. ಹಿಂದಿನ ಮೆಟ್ಟಿಲಿನಲ್ಲಿ ಧಡಧಡ ಸದ್ದಾಯಿತು. ಹೆಡ್ಮಾಸ್ಟರು ದನಿ ಎತ್ತರಿಸಿದರು. ನಕ್ಷೆ ಮಿಸ್ ಮಹಡಿಯ ಮೇಲೆ ನಿಂತು ಮಕ್ಕಳನ್ನು ಒಳಗೆ ತೂರಿಸುತ್ತಿದ್ದಳು. ಡಿಕ್ಷನರಿ ಎಲ್ಲರಿಗಿಂತ ಕೊನೆಯಲ್ಲಿ, ಪ್ಲಾಸ್ಟರಿನ ಕೈಯನ್ನು ಇನ್ನೊಂದು ಕೈಯಿಂದ ಎದೆಗೆ ಒತ್ತಿಕೊಂಡು ಏದುಸಿರು ಬಿಡುತ್ತಾ ಹತ್ತಿ ಬಂದಳು. ಹಣೆಯ ಮೇಲೆ ಬೆವರಿನ ಸಾಲು. ನೋಯುತ್ತಾ ಎಂದು ಕೇಳಿದ್ದಕ್ಕೆ ಇಲ್ಲ ಮಿಸ್ ಎಂದು ನಕ್ಕಳು. ನಕ್ಷೆ ಮಿಸ್ ತನ್ನ ಸ್ವೆಟರ್ ಬಿಚ್ಚಿ, ಹೂವು ಕಾಣದ ಹಾಗೆ ಹುಡುಗಿಯ ಪ್ಲಾಸ್ಟರಿನ ಮೇಲೆ ಹೊದಿಸಿದಳು.

ಒಂಬತ್ತನೇ ತರಗತಿಯಲ್ಲಿ ಮಕ್ಕಳೆಲ್ಲ ಬಾಯಿ ಮುಚ್ಚಿ ಮೂಗಿನಲ್ಲೇ ಏದುಸಿರು ಬಿಡುತ್ತಾ ಕೂತಿದ್ದರು. ಅಧ್ಯಕ್ಷೆ ಕೋಣೆಯನ್ನು ಒಂದು ಸುತ್ತು ನೋಡಿ ಪ್ರಶ್ನೆ ಕೇಳಿದರು. ಡಿಕ್ಷನರಿಗೆ ಉತ್ತರ ಗೊತ್ತಿತ್ತು. ಉತ್ತರ ಗೊತ್ತಿದ್ದಾಗ ಬಲಗೈ ತಾನಾಗಿಯೇ ಮೇಲೇಳುವುದು ಅವಳಿಗೆ ಚಿಕ್ಕಂದಿನಿಂದ ಆದ ಅಭ್ಯಾಸ. ಕೈ ಎದ್ದಿತು, ಸ್ವೆಟರ್ ಜಾರಿತು, ಸೂರ್ಯಕಾಂತಿ ಇಡೀ ಕೋಣೆಗೆ ಕಾಣುವಂತೆ ಅರಳಿ ನಿಂತಿತು.

ಅಧ್ಯಕ್ಷೆ ಉತ್ತರವನ್ನು ತಾಳ್ಮೆಯಿಂದ ಕೇಳಿ ಹೊರಗೆ ಬಂದರು. ಕಾರಿಡಾರಿನಲ್ಲಿ ಒಂದಷ್ಟು ದೂರ ನಡೆದ ಮೇಲೆ ಹೆಡ್ಮಾಸ್ಟರ ಕಡೆ ತಿರುಗಿದರು.

“ನಿಮ್ಮ ಶಾಲೇಲಿ ಮಕ್ಕಳು ಕೈ ಮುರ್ಕೊಳ್ಳೋದು ಸ್ವಲ್ಪ ಜಾಸ್ತಿ ಅನ್ಸುತ್ತೆ.”

“ಹೌದು ಮೇಡಂ. ನಮ್ಮಲ್ಲಿ ಆಟಕ್ಕೆ ತುಂಬಾ ಪ್ರೋತ್ಸಾಹ.”

“ಎಲ್ರೂ ಒಂದೇ ಹೂವು ಬಿಡಿಸ್ಕೊಂಡಿದಾರೆ.”

“ಚಿತ್ರಕಲೆಗೂ ಪ್ರೋತ್ಸಾಹ ಇದೆ, ಮೇಡಂ,” ಎಂದರು ಹೆಡ್ಮಾಸ್ಟರು. ಬರೆದುಕೊಳ್ಳುವವರು ಅದನ್ನೂ ಬರೆದುಕೊಂಡರು.

ಅಧ್ಯಕ್ಷೆಯ ತುಟಿಯ ಅಂಚು ಒಂದಿಷ್ಟು ಅಲುಗಿತು. ಹೇಳಲು ಇನ್ನೇನೋ ಇತ್ತು ಅವರಿಗೆ, ಅಷ್ಟರಲ್ಲಿ ಕಿಟಕಿಯಾಚೆಯಿಂದ ನಗು ಕೇಳಿಸಿತು. ಒಬ್ಬಿಬ್ಬರದಲ್ಲ, ಜಾತ್ರೆಯಷ್ಟು ಮಂದಿಯದು. ಹಿಂದೆಯೇ ಚಪ್ಪಾಳೆ. ಅದು ಏನೆಂದು ಅಧ್ಯಕ್ಷೆ ಕೇಳಿದರು. ಗೋದಾಮು ಎಂದರು ಹೆಡ್ಮಾಸ್ಟರು. ಹಳೆಯ ಬೆಂಚು, ಮುರಿದ ಕುರ್ಚಿ ಇಡುವ ಜಾಗ. ಹೆಡ್ಮಾಸ್ಟರ ಮಾತು ಮುಗಿಯುವ ಮೊದಲೇ ಗೋದಾಮು ಮತ್ತೊಮ್ಮೆ ಹೊಟ್ಟೆ ಹುಣ್ಣಾಗುವಂತೆ ನಕ್ಕಿತು.

“ನಿಮ್ಮ ಕುರ್ಚಿಗಳು ಖುಷಿಯಾಗಿವೆ,” ಎಂದು ಅಧ್ಯಕ್ಷೆ ಹೇಳಿ, ಈ ಸಲ ಹೆಡ್ಮಾಸ್ಟರನ್ನು ಬಿಟ್ಟು ನಕ್ಷೆ ಮಿಸ್ ಕಡೆ ನೋಡಿದರು. “ಅಲ್ಲಿ ಏನಿದೆ, ಮಿಸ್?”

ಹೆಡ್ಮಾಸ್ಟರು ಅವರ ಬೆನ್ನ ಹಿಂದೆ ನಿಂತು ಕಣ್ಣಿನಲ್ಲೇ ಅಂಗಲಾಚುತ್ತಿದ್ದರು. ಗೋದಾಮು ಎಂಬ ಮೂರಕ್ಷರ ಹೇಳಿದ್ದರೆ ಸಾಕಿತ್ತು. ಆದರೆ ಆ ನಗುವಿನ ನಡುವೆ ಒಂದು ಗಂಟಲು ಎಲ್ಲಕ್ಕಿಂತ ಮೇಲೆ ಕೇಳಿಸುತ್ತಿತ್ತು. ಆ ಗಂಟಲಿನ ಗುರುತು ಅವಳಿಗೆ ಹೆತ್ತ ದಿನದಿಂದ ಇತ್ತು. ನಿನ್ನೆ ಊಟದ ಹೊತ್ತಿನಲ್ಲಿ ಅದು ಕೇಳಿದ ಪ್ರಶ್ನೆಗೆ ಉತ್ತರ ಇನ್ನೂ ಬಾಕಿ ಇತ್ತು.

“ಉಳಿದ ಮಕ್ಕಳು, ಮೇಡಂ. ನಿಮಗೆ ತೋರಿಸಬಾರದು ಅಂತ ಅಲ್ಲಿ ಕೂರಿಸಿದೀವಿ. ನನ್ನ ಮಗಳೂ ಅಲ್ಲೇ ಇದಾಳೆ.”

ಹೆಡ್ಮಾಸ್ಟರು ಗೋಡೆಯ ಮೇಲಿನ ಒಂದು ಪಟವನ್ನು ಸರಿಪಡಿಸಲು ತಿರುಗಿಕೊಂಡರು. ಅಧ್ಯಕ್ಷೆ ಮಂಡಿ ಹಿಡಿದುಕೊಂಡು ಮೆಟ್ಟಿಲಿಳಿಯಲು ಶುರುಮಾಡಿದರು. ಉಳಿದವರು ಹಿಂದೆ ನಡೆದರು.

ಹಾಲಿನಲ್ಲಿ ಆಗಿದ್ದು ಇಷ್ಟು. ಅಷ್ಟೊಂದು ಮಕ್ಕಳನ್ನು ಸದ್ದಿಲ್ಲದೆ ಕೂರಿಸಬೇಕೆಂದರೆ ಡ್ರಿಲ್ ಮೇಷ್ಟ್ರ ಬಳಿ ಇದ್ದ ಒಂದೇ ಆಯುಧ ಸೀಟಿ. ಅದನ್ನು ಊದಿದರೆ ಅದೇ ಸದ್ದು. ಗೊತ್ತಿದ್ದ ಕಥೆಗಳನ್ನೆಲ್ಲ ಹೇಳಿ ಮುಗಿಸಿದರು. ಮಕ್ಕಳು ಮಿಸುಕಾಡತೊಡಗಿದರು. ಆಗ ಗಿಣಿ ಎದ್ದು, ಅಲ್ಲಿ ಒಂದು ಸಮಿತಿ ಇದೆಯಲ್ಲ ಸಾರ್, ಇಲ್ಲೂ ಒಂದು ಮಾಡೋಣ ಎಂದಳು. ಡ್ರಿಲ್ ಮೇಷ್ಟ್ರಿಗೆ ಮುಳುಗುವವನಿಗೆ ಹುಲ್ಲು ಸಿಕ್ಕ ಹಾಗಾಯಿತು. ಸೀಮೆಸುಣ್ಣದಿಂದ ನೆಲದ ನಡುವೆ ಒಂದು ಗೆರೆ ಎಳೆದರು. ಬಲಗಡೆ ಶಾಲೆಯ ಬಲ, ಎಡಗಡೆ ಸುಧಾರಿಸಬೇಕಾದ್ದು. ಮಾತಾಡುವವರು ಕೈ ಎತ್ತಬೇಕು. ಹುಳುಕು ಹೇಳಿದವರು ಅದನ್ನು ಸರಿಮಾಡುವ ದಾರಿಯನ್ನೂ ಹೇಳಬೇಕು. ಈ ಕೊನೆಯ ನಿಯಮ ಮಾಡಿದವಳೂ ಗಿಣಿಯೇ. ಮೊದಲ ನಗು ಎದ್ದದ್ದು, ಡ್ರಿಲ್ ಮೇಷ್ಟ್ರ ಸೀಟಿಯನ್ನು ಎಡಗಡೆ ಬರೆದಾಗ. ಎರಡನೆಯದು, ಅದಕ್ಕೆ ಪರಿಹಾರವಾಗಿ ಮೇಷ್ಟ್ರು ಸೀಟಿಯನ್ನೇ ಬಿಚ್ಚಿ ಅಧ್ಯಕ್ಷರಾದ ಗಿಣಿಯ ಕೊರಳಿಗೆ ಹಾಕಿದಾಗ.

ಹಿಂದಿನ ಬಾಗಿಲು ತೆರೆದು ಅಷ್ಟೂ ಜನ ಒಳಗೆ ಬಂದಾಗ ಗಿಣಿ ಮರದ ಪೆಟ್ಟಿಗೆಯ ಮೇಲೆ ನಿಂತಿದ್ದಳು. ಅಮ್ಮನನ್ನು ಕಂಡಳು, ಹೆಡ್ಮಾಸ್ಟರನ್ನು ಕಂಡಳು, ಮೂವರು ಅಪರಿಚಿತರನ್ನು ಕಂಡಳು. ಹುಟ್ಟಿದ ಮೇಲೆ ಮೊದಲ ಸಲ ಅವಳ ಮಾತು ನಿಂತಿತು. ಮಕ್ಕಳೆಲ್ಲ ತಿರುಗಿ ನೋಡಿದರು. ಅಧ್ಯಕ್ಷೆ ತುಟಿಯ ಮೇಲೆ ಬೆರಳಿಟ್ಟು, ಸುತ್ತಿಟ್ಟಿದ್ದ ಒಂದು ಚಾಪೆಯ ಮೇಲೆ ಉಸ್ಸೆಂದು ಕೂತು, ನಡೆಯಲಿ ಎಂದು ಕೈಸನ್ನೆ ಮಾಡಿದರು. ಗಿಣಿ ಅಮ್ಮನ ಮುಖ ನೋಡಿದಳು. ನಕ್ಷೆ ಮಿಸ್ ತಲೆಯಾಡಿಸಿದಳು.

ನಡೆಯಿತು. ಗಣಿತದ ಮೇಷ್ಟ್ರು ಅರ್ಥವಾಗುವವರೆಗೂ ಮತ್ತೆ ಮತ್ತೆ ಹೇಳಿಕೊಡುತ್ತಾರೆ, ಸಿಡುಕುವುದಿಲ್ಲ ಎಂದು ಒಬ್ಬಳು ಹೇಳಿದಳು, ಬಲಗಡೆ ಹೋಯಿತು. ಹುಡುಗಿಯರ ಶೌಚಾಲಯದ ಬಾಗಿಲಿಗೆ ಚಿಲಕವಿಲ್ಲ; ಎಡಗಡೆ. ಚಿಲಕ ತನ್ನ ಅಪ್ಪನ ಅಂಗಡಿಯಲ್ಲಿದೆ, ತಂದು ಹಾಕಿಸುತ್ತೇನೆ ಎಂದು ಹಿಂದಿನಿಂದ ಯಾರೋ ಕೂಗಿದರು. ಲೈಬ್ರರಿಯ ಬೀಗ, ಎಡಗಡೆ. ಪುಸ್ತಕ ಹರಿದರೆ ಕೂತು ಅಂಟಿಸಲು ಒಂದು ಗುಂಪು ಮಾಡಬಹುದು. ಆಮೇಲೆ ಹಿಂದಿನ ಸಾಲಿನಿಂದ ಒಬ್ಬ ಹುಡುಗ ಎದ್ದ. ತನ್ನ ತರಗತಿಯಲ್ಲಿ ಅವನು ಬಾಯಿ ಬಿಟ್ಟದ್ದನ್ನು ನಕ್ಷೆ ಮಿಸ್ ಇಡೀ ವರ್ಷ ಕೇಳಿರಲಿಲ್ಲ.

“ಕೊನೇ ಬೆಂಚಲ್ಲಿ ಕೂತ್ರೆ ಯಾರೂ ಏನೂ ಕೇಳಲ್ಲ,” ಎಂದ. “ಮೊದ್ಲು ಅದು ಚೆನ್ನಾಗಿತ್ತು. ಈಗ ಬೇಜಾರಾಗುತ್ತೆ.”

ದಾರಿ ಏನು ಎಂದು ಗಿಣಿ ಕೇಳಿದಳು. ಅವನು ಯೋಚಿಸಿ, ವಾರಕ್ಕೊಮ್ಮೆ ಎಲ್ಲರೂ ಜಾಗ ಬದಲಾಯಿಸಬೇಕು, ಮೇಷ್ಟ್ರುಗಳೂ ಕೊನೆಯ ಬೆಂಚಿಗೆ ಬಂದು ನಿಂತು ಪಾಠ ಮಾಡಬೇಕು ಎಂದು ಹೇಳಿ ಕೂತ. ನಕ್ಷೆ ಮಿಸ್ ತನ್ನ ಕಾಲಬೆರಳುಗಳನ್ನು ನೋಡಿಕೊಂಡಳು. ಬೋರ್ಡಿನ ಹತ್ತಿರ ನಿಂತು ಎಲ್ಲವನ್ನೂ ನೋಡಬಲ್ಲೆ ಎಂಬ ಹೆಮ್ಮೆ ಅವಳಿಗಿತ್ತು.

ಒಬ್ಬ ಪುಟ್ಟ ಹುಡುಗಿ ಹೆಡ್ಮಾಸ್ಟರನ್ನು ಬಲಗಡೆ ಬರೆಯಬೇಕೆಂದಳು. ಅವರಿಗೆ ಎಲ್ಲರ ಹೆಸರೂ ಗೊತ್ತು, ಹುಷಾರಿಲ್ಲದೆ ಮಲಗಿದ್ದ ಅಜ್ಜಿಯ ಬಗ್ಗೆ ಗೇಟಿನಲ್ಲಿ ನಿಂತು ದಿನಾ ವಿಚಾರಿಸುತ್ತಿದ್ದರು ಎಂದಳು. ಒಪ್ಪಿಗೆಯ ಚಪ್ಪಾಳೆ ಬಿತ್ತು. ಹೆಡ್ಮಾಸ್ಟರು ಕಿಟಕಿಯ ಸರಳನ್ನು ಬಹಳ ಆಸಕ್ತಿಯಿಂದ ಪರೀಕ್ಷಿಸುತ್ತಿದ್ದರು. ಆಗ ಇನ್ನೊಬ್ಬ ಕೇಳಿದ: ಹಾಗಾದರೆ ಇವತ್ತು ನಮ್ಮನ್ನು ಇಲ್ಲಿ ಕೂರಿಸಿದ್ದು ಯಾವ ಕಡೆ? ಬಲಗಡೆಯೇ ಬರಿ, ಗಣಿತದ ಪಾಠ ತಪ್ಪಿತು ಎಂದು ಯಾರೋ ಹೇಳಿದ್ದಕ್ಕೆ ಹಾಲೆಲ್ಲ ನಕ್ಕಿತು. ಗಿಣಿ ಮಾತ್ರ ಸೀಮೆಸುಣ್ಣ ಹಿಡಿದು ಗೆರೆಯ ಮೇಲೇ ನಿಂತಿದ್ದಳು.

ಹೆಡ್ಮಾಸ್ಟರು ಕೈ ಎತ್ತಿದರು. ಗಿಣಿ ಸುತ್ತ ನೋಡಿದಳು, ನಿಜವಾಗಿ ಅವರೇ ಎತ್ತಿದ್ದೆಂದು ಖಾತ್ರಿ ಮಾಡಿಕೊಂಡಳು.

“ಹೇಳಿ ಸಾರ್. ಎದ್ದು ನಿಂತು ಹೇಳ್ಬೇಕು.”

“ನಿಂತೇ ಇದೀನಮ್ಮ,” ಎಂದರು ಹೆಡ್ಮಾಸ್ಟರು. “ಅದನ್ನ ಎಡಗಡೆ ಬರಿ. ಮಾಡಿದ್ದು ನಾನು. ನಿಮ್ಮಿಂದ ನಾಚಿಕೆ ಆಗುತ್ತೆ ಅನ್ಕೊಂಡಿದ್ದೆ. ಈಗ ನಾಚಿಕೆ ಆಗ್ತಿರೋದು ಬೇರೆ ವಿಷಯಕ್ಕೆ. ದಾರೀನೂ ನಾನೇ ಹೇಳ್ಬೇಕಲ್ಲ? ಈಗ್ಲೇ ಎದ್ದು ಎಲ್ರೂ ನಿಮ್ಮ ನಿಮ್ಮ ಕ್ಲಾಸಿಗೆ ಹೋಗಿ ಕೂತ್ಕೊಳ್ಳಿ. ಎಲ್ಲಿ ಕೂರ್ತಿದ್ರೋ ಅಲ್ಲೇ.”

ಅಯ್ಯೋ ಎಂದು ಹಾಲಿಗೆ ಹಾಲೇ ರಾಗ ಎಳೆಯಿತು. ಸಭೆ ಅರ್ಧಕ್ಕೇ ನಿಂತದ್ದು ಯಾರಿಗೂ ಹಿಡಿಸಲಿಲ್ಲ. ಗಿಣಿ ಸೀಟಿ ಊದಿದಳು.

ಅಧ್ಯಕ್ಷೆ ಬೆಳಿಗ್ಗೆ ನೋಡಿದ್ದನ್ನೆಲ್ಲ ಅಳಿಸಲು ಹೇಳಿ, ಮೊದಲಿನಿಂದ ಶುರುಮಾಡಿದರು. ಬರೆದುಕೊಳ್ಳುವವರು ಪಾಪ, ಹಾಳೆ ಹರಿದು ಹೊಸದು ತೆಗೆದರು. ಮಧ್ಯಾಹ್ನ ಒಂಬತ್ತನೇ ಸಿ ವಿಭಾಗದಲ್ಲಿ ನಕ್ಷೆ ಮಿಸ್ ಪಾಠ. ಅಂದು ಬೋರ್ಡಿನಲ್ಲಿ ಒಂದು ನದಿ ಬಿಡಿಸಿ, ಅವಳು ಹೋಗಿ ಕೊನೆಯ ಬೆಂಚಿನ ಪಕ್ಕ ನಿಂತಳು. ನೀರು ಯಾವ ಕಡೆಗೆ ಹರಿಯುತ್ತದೆ ಎಂದು ಕೇಳಿದಳು. ಕೆಳಗಡೆಗೆ ಎಂದು ಎಲ್ಲರೂ ಹೇಳಿದರು. ಬೆಳಿಗ್ಗೆ ಮಾತಾಡಿದ ಅದೇ ಹುಡುಗ ಹಿಂಜರಿಯುತ್ತಾ, ಆದರೆ ಮಿಸ್, ನಕ್ಷೆಯಲ್ಲಿ ಕೆಳಗಡೆ ಎಂದರೆ ದಕ್ಷಿಣ, ನದಿಗೆ ಅದು ಹೇಗೆ ಗೊತ್ತಾಗುತ್ತದೆ ಎಂದ. ತರಗತಿ ನಗಲು ಬಾಯಿ ತೆರೆಯಿತು. ನಕ್ಷೆ ಮಿಸ್ ಕಣ್ಣಿನಲ್ಲೇ ತಡೆದಳು. ಹಾಗಾದರೆ ಉತ್ತರಕ್ಕೆ ಹರಿಯುವ ನದಿ ಇರಬಹುದಾ ಎಂದು ತಿರುಗಿ ಕೇಳಿದಳು. ಅಷ್ಟೇ ಸಾಕಾಯಿತು. ಎರಡು ಪಂಗಡವಾಗಿ ವಾದ ಹತ್ತಿಕೊಂಡಿತು, ಒಬ್ಬಳು ಬೆಂಚನ್ನು ಓರೆಮಾಡಿ ಅದರ ಮೇಲೆ ನೀರಿನ ಬಾಟಲಿಯನ್ನೇ ಬಗ್ಗಿಸಿದಳು. ನೀರು ಹರಿದು ಹರಿದು ತಲೆಯಾಡಿಸುವವರ ಬೂಟಿನ ಹತ್ತಿರ ನಿಂತಿತು. ಅವರು ಕಾಲು ಎತ್ತಿಕೊಂಡು, ಉತ್ತರ ಎಂದರು. ಸಮಿತಿ ಬಂದಾಗಿನಿಂದ ಅವರು ಆಡಿದ ಮೊದಲ ಮಾತು ಅದು.

ಸಂಜೆ ಹೆಡ್ಮಾಸ್ಟರ ಕೋಣೆಯಲ್ಲಿ ಸಮಿತಿ ತನ್ನ ತೀರ್ಮಾನ ಹೇಳಿತು. ಅಧ್ಯಕ್ಷೆ ಮೊದಲು ಬೈದರು. ದನಿ ಎತ್ತದೆ ಬೈದರು, ಅದಕ್ಕೇ ಹೆಚ್ಚು ನಾಟಿತು.

“ನಮ್ಮ ಕಣ್ಣಿಗೆ ಮಣ್ಣೆರಚೋಕೆ ಬಹಳ ಜನ ನೋಡಿದಾರೆ, ಅದನ್ನ ಮರೆತುಬಿಡ್ತೀನಿ,” ಎಂದರು. “ಪ್ಲಾಸ್ಟರ್ ಹಾಕಿರೋ ಮಗೂನ ಮೆಟ್ಟಿಲು ಹತ್ತಿಸಿ ಓಡಿಸಿದ್ರಲ್ಲ, ಅದನ್ನ ಮರೆಯಲ್ಲ.”

ಹೆಡ್ಮಾಸ್ಟರೂ ನಕ್ಷೆ ಮಿಸ್ಸೂ ಇಬ್ಬರೂ ತಲೆ ತಗ್ಗಿಸಿದರು. ಪೂರ್ತಿ ಮಾನ್ಯತೆ ಈ ಸಲವೂ ಇಲ್ಲ ಎಂದರು ಅಧ್ಯಕ್ಷೆ. ಎರಡು ವರ್ಷಕ್ಕೆ ಮಾತ್ರ ಕೊಡುತ್ತೇವೆ, ಆಮೇಲೆ ನಾನೇ ಬಂದು ನೋಡುತ್ತೇನೆ. ಅಷ್ಟರೊಳಗೆ ವರದಿ ಹೊಸದಾಗಿ ಬರೆಯಬೇಕು, ಮಕ್ಕಳನ್ನು ಕೂರಿಸಿಕೊಂಡು ಬರೆಯಬೇಕು. ಶಾಲೆಯ ದೊಡ್ಡ ಬಲ ಯಾವುದೆಂದು ಇವತ್ತು ಹಾಲಿನಲ್ಲಿ ಕಂಡೆ, ನಿಮ್ಮ ವರದಿಯಲ್ಲಿ ಅದರ ಸುಳಿವೇ ಇಲ್ಲ ಎಂದರು. ಹೊರಡುವಾಗ ಹೆಡ್ಮಾಸ್ಟರ ಕೈ ಕುಲುಕಿ, ತಮ್ಮ ಸರ್ವಿಸಿನಲ್ಲಿ ಕೈ ಎತ್ತಿ ಮಾತಾಡಿದ ಹೆಡ್ಮಾಸ್ಟರನ್ನು ನೋಡಿದ್ದು ಇದೇ ಮೊದಲು ಎಂದರು.

ಕಾರು ಗೇಟು ದಾಟಿದ ಮೇಲೆ ಇಬ್ಬರೇ ಉಳಿದರು. ಇನ್ನು ಇವರು ತನ್ನ ಮೇಲೆ ಹರಿಹಾಯುತ್ತಾರೆ ಎಂದು ನಕ್ಷೆ ಮಿಸ್ ಕಾದಳು. ಹೆಡ್ಮಾಸ್ಟರು ಗೇಟನ್ನೇ ನೋಡುತ್ತಿದ್ದರು.

“ಗೋದಾಮು ಅಂದುಬಿಟ್ಟಿದ್ರೆ ಮುಗೀತಿತ್ತು, ಮಿಸ್.”

“ಆಗ್ಲಿಲ್ಲ ಸಾರ್.”

“ಒಳ್ಳೇದಾಯ್ತು,” ಎಂದರು. ಆಮೇಲೆ ಟೋಪಿ ಹಾಕಿಕೊಂಡು, ಡಿಕ್ಷನರಿಯ ಮನೆ ಯಾವ ಬೀದಿಯಲ್ಲಿ ಎಂದು ಕೇಳಿಕೊಂಡು ಹೊರಟರು.

ಡಿಕ್ಷನರಿಯ ತಾಯಿ ಆಸ್ಪತ್ರೆಯಲ್ಲಿ ನರ್ಸು. ಮಗಳು ಮೂಳೆ ಕೂಡುವ ಮೊದಲೇ ಶಾಲೆಯ ಮಾನ ಕಾಪಾಡಲು ಮೆಟ್ಟಿಲು ಹತ್ತಿ ಓಡಿದ್ದಾಳೆಂದು ಕೇಳಿ, ಆಕೆ ಹೆಡ್ಮಾಸ್ಟರನ್ನು ಬಾಗಿಲಲ್ಲೇ ನಿಲ್ಲಿಸಿ ನೀರಿಳಿಸಿದರಂತೆ. ಅಕ್ಕಪಕ್ಕದ ಕಿಟಕಿಗಳೆಲ್ಲ ತೆರೆದುಕೊಂಡವಂತೆ. ಇದನ್ನು ಮಾರನೆಯ ದಿನ ಸ್ಟಾಫ್ ರೂಮಿನಲ್ಲಿ ಹೇಳಿದವರು ಹೆಡ್ಮಾಸ್ಟರೇ, ಆಕೆಯ ದನಿಯನ್ನೂ ಅಭಿನಯಿಸಿ. ಚಹಾ ಬಿಟ್ಟು ಎದ್ದುಹೋಗಿದ್ದ ಇಬ್ಬರೂ ಅಕ್ಕಪಕ್ಕ ಕೂತು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

ಹೊಸ ವರ್ಷದ ತರಗತಿಗಳು ಶುರುವಾದಾಗ ಎ, ಬಿ, ಸಿ ಮೂರನ್ನೂ ಕಲಸಿ ಹಂಚಿದರು. ಮೊದಲ ವಾರ ಎಲ್ಲ ಅಡಿಮೇಲಾಯಿತು. ಗಣಿತದ ಮೇಷ್ಟ್ರು ತಲೆ ಮೇಲೆ ಕೈಹೊತ್ತು ಕೂತರು. ಇದು ಸರಿಹೋಗುವುದಿಲ್ಲ ಎಂದು ಕೆಲವು ತಂದೆತಾಯಿಯರು ಬಂದು ಜಗಳವಾಡಿದರು. ಸರಿಹೋಗದೆಯೂ ಇರಬಹುದು, ನೋಡೋಣ ಎಂದರು ಹೆಡ್ಮಾಸ್ಟರು. ಹೀಗೆ ಧೈರ್ಯವಾಗಿ ಮಾತಾಡುವುದು ಅವರಿಗೂ ಹೊಸದು, ಆಡಿದ ಮೇಲೆ ಒಂದು ಲೋಟ ನೀರು ಕುಡಿದರು.

ಡಿಕ್ಷನರಿ ಆ ಹೊತ್ತಿಗೆ ಶಾಲೆ ಮುಗಿಸಿ ಕಾಲೇಜು ಸೇರಿದ್ದಳು. ಆದರೆ ಭಾನುವಾರ ಬೆಳಿಗ್ಗೆ ಗಿಣಿಗೆ ಗಣಿತ ಹೇಳಿಕೊಡಲು ನಕ್ಷೆ ಮಿಸ್ ಮನೆಗೆ ಬರತೊಡಗಿದಳು. ಹೊಲಿಗೆ ಯಂತ್ರದ ಪಕ್ಕದ ಮೇಜಿನಲ್ಲಿ ಇಬ್ಬರೂ ಕೂರುತ್ತಿದ್ದರು. ಲೆಕ್ಕ ಮುಂದೆ ಹೋಗುತ್ತಿದ್ದುದು ಕಡಿಮೆ, ಮಾತೇ ಹೆಚ್ಚು. ಒಂದು ಭಾನುವಾರ ನಕ್ಷೆ ಮಿಸ್ ಅಡುಗೆಮನೆಯಿಂದ ಕಿವಿಗೊಟ್ಟಳು. ಈ ಲೆಕ್ಕಕ್ಕೆ ಇದೊಂದೇ ದಾರಿಯಾ ಎಂದು ಗಿಣಿ ಕೇಳುತ್ತಿದ್ದಳು. ಡಿಕ್ಷನರಿ ಲೆಕ್ಕವನ್ನು ಮೊದಲಿನಿಂದ ಓದಿದಳು. ಆಮೇಲೆ, “ಗೊತ್ತಿಲ್ಲ ಕಣೇ,” ಎಂದಳು, ಮತ್ತೆ ಇಬ್ಬರೂ ಹಾಳೆಯ ಮೇಲೆ ತಲೆಗೆ ತಲೆ ತಾಗಿಸಿ ಬಗ್ಗಿದರು. ನಕ್ಷೆ ಮಿಸ್ ಒಲೆ ಸಣ್ಣಗೆ ಮಾಡಿ, ಸದ್ದಾಗದ ಹಾಗೆ ಒಂದು ಸ್ಟೂಲು ಎಳೆದುಕೊಂಡು ಅಲ್ಲೇ ಬಾಗಿಲ ಬಳಿ ಕೂತಳು.